ಖಳ ಸಪ್ಪೆ ಅಂತಾರೆ, ಸೈಕೋ ಮಾಡಲೇಬೇಕಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಎಂಟು ಎಪಿಸೋಡಿನ ಒಂದು ಕ್ರೈಂ ಸರಣಿ ಬರೆದಿದ್ದೇನೆ. ಮಲೆನಾಡಿನ ಒಂದು ಸಣ್ಣ ಪೇಟೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನ ಹೆಣ ಮಳೆಗಾಲದಲ್ಲಿ ಹೊಳೆಯಲ್ಲಿ ಸಿಗುತ್ತದೆ. ಕಾಲು ಜಾರಿ ಬಿದ್ದ ಅಂತ ಊರು ನಂಬುತ್ತದೆ. ಹೊಸದಾಗಿ ಬಂದ ಪಿಎಸ್‌ಐ ಹುಡುಗಿ ನಂಬುವುದಿಲ್ಲ. ಕೊಲ್ಲಿಸಿದವರು ಮಂಡಿ ಸಾಹುಕಾರರು. ಬೆಂಗಳೂರಿನ ಪ್ರೊಡಕ್ಷನ್ ಹೌಸ್‌ನವರು ಓದಿ, ‘ಕತೆ ಓಕೆ, ವಿಲನ್ ಸಪ್ಪೆ. ಸೈಕೋ ಮಾಡಿ, ಇನ್ನೆರಡು ಕೊಲೆ ಹಾಕಿ’ ಅಂದರು. ಗೆಳತಿಯೊಬ್ಬಳು, ‘ಬಾಲ್ಯದ ನೋವು ತೋರಿಸು, ಜನ ಅಳ್ತಾರೆ’ ಅನ್ನುತ್ತಾಳೆ. ನನಗೋ ಕೊಲ್ಲಿಸಿದ್ದು ಸಾಹುಕಾರರು ಅನ್ನುವುದನ್ನು ಕೊನೆಯ ಎಪಿಸೋಡ್‌ವರೆಗೂ ಮುಚ್ಚಿಡುವ ಆಸೆ. ಜೊತೆಗೆ ಒಂದು ಹೆದರಿಕೆ. ಊರಿನವರು ನೋಡಿ ‘ಇದು ಇಂಥವರೇ’ ಅಂದುಬಿಟ್ಟರೆ?

ಉತ್ತರ:

ನೀವು ಜೊತೆಗೆ ಕಳಿಸಿದ್ದ ಮೊದಲ ಮೂರು ಎಪಿಸೋಡ್ ಓದಿದೆ. ಪ್ರೊಡಕ್ಷನ್ ಹೌಸ್‌ನವರು ಹೇಳಿದ ಕಾಯಿಲೆ ನಿಜ. ಹೇಳಿದ ಮದ್ದು ತಪ್ಪು.

ನಿಮ್ಮ ಸಾಹುಕಾರರು ಈ ಮೂರು ಎಪಿಸೋಡಿನಲ್ಲಿ ಏನೇನು ಮಾಡುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೆ. ಪಿಎಸ್‌ಐಯನ್ನು ದುರುಗುಟ್ಟಿ ನೋಡುತ್ತಾರೆ. ಫೋನಿನಲ್ಲಿ ಬೆದರಿಸುತ್ತಾರೆ. ಅವಳ ಕ್ವಾರ್ಟರ್ಸಿಗೆ ಕಲ್ಲು ಹೊಡೆಯಲು ಹುಡುಗರನ್ನು ಕಳಿಸುತ್ತಾರೆ. ಇಷ್ಟನ್ನು ಯಾವ ಊರಿನ ಯಾವ ಖಳ ಬೇಕಾದರೂ ಮಾಡಬಹುದು. ಮಂಡಿ ನಡೆಸುವವರು ಮಾತ್ರ ಮಾಡಬಹುದಾದ ಕೆಲಸ ಒಂದೂ ಇಲ್ಲ. ಸಪ್ಪೆ ಆಗಿರುವುದು ಅಲ್ಲಿ.

ಮೊದಲು ಈ ‘ಸೈಕೋ’ ವಿಷಯ ಮುಗಿಸೋಣ. ಕೊಲೆಗಾರ ಅಂದರೆ ತಲೆ ಕೆಟ್ಟವನು ಅನ್ನುವ ನಂಬಿಕೆ ಟೀವಿಯಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಅಂಕಿ ಅಂಶ ಬೇರೆ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ ದಾಖಲಾದವು. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. 3,761ಕ್ಕೆ ಹಳೇ ದ್ವೇಷ. 1,884ಕ್ಕೆ ಹಣ, ಲಾಭದ ಆಸೆ. ಅಂದರೆ ಬೇಲಿ, ನೀರು, ಸಾಲ, ಪಾಲು, ಮಾನ. ನಮ್ಮ ನಿಮ್ಮ ಮನೆಯ ಜಗಲಿಯಲ್ಲಿ ದಿನಾ ಮಾತಾಡುವ ವಿಷಯಗಳೇ. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಸಿಕ್ಕಿಕೊಳ್ಳುವುದೇ ಜಾಸ್ತಿ. ಅವರ ಮೇಲೆ ಇನ್ನೊಂದು ಅಪವಾದ ಹೊರಿಸುವ ಸರಣಿ ನಮಗೆ ಬೇಡ. ಕತೆಗೂ ಅದರಿಂದ ಲಾಭ ಇಲ್ಲ. ಹುಚ್ಚಿನಿಂದ ಕೊಂದ ಅಂದಕೂಡಲೇ ‘ಯಾಕೆ’ ಅನ್ನುವ ಪ್ರಶ್ನೆ ಸತ್ತುಹೋಗುತ್ತದೆ. ಎಂಟು ಎಪಿಸೋಡ್ ಜನರನ್ನು ಕೂರಿಸುವುದು ಆ ಪ್ರಶ್ನೆ.

ಅಬ್ಬರದ ಖಳ ನಮಗೆ ಇಷ್ಟ ಆಗುವುದಕ್ಕೆ ಕಾರಣ ಇದೆ. ಬಯಲಾಟದಲ್ಲಿ ಬಣ್ಣದ ವೇಷ ನೋಡಿ ಬೆಳೆದವರು ನಾವು. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ತೆರೆ ಹಿಡಿಸಿಕೊಂಡು, ಆರ್ಭಟ ಕೊಡುತ್ತಾ ರಾಕ್ಷಸ ಬಂದರೆ ಗದ್ದೆಯ ಕೊನೆಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಅದು ಆ ದೂರಕ್ಕೆ, ಆ ರಾತ್ರಿಗೆ ಸರಿಯಾದ ಅಳತೆ. ಟೀವಿ ಕ್ಯಾಮರಾ ನಟನ ಮುಖದಿಂದ ಒಂದು ಮೊಳ ದೂರದಲ್ಲಿರುತ್ತದೆ. ಅಲ್ಲಿ ಕಣ್ಣು ಕೆಂಪು ಮಾಡಿ ಕಿರುಚಿದರೆ ಎರಡನೇ ಎಪಿಸೋಡಿಗೆ ಜನಕ್ಕೆ ಅಭ್ಯಾಸ ಆಗುತ್ತದೆ. ಮೂರನೆಯದಕ್ಕೆ ಫೋನ್ ನೋಡಲು ಶುರು ಮಾಡುತ್ತಾರೆ.

ಹಾಗಾದರೆ ಹೆದರಿಕೆ ಎಲ್ಲಿಂದ ಬರಬೇಕು? ಸ್ಕ್ರಿಪ್ಟ್ ತಿದ್ದುವ ಕೆಲಸದಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಈ ಮನುಷ್ಯ ನಾಳೆ ಬೆಳಿಗ್ಗೆ ಜೈಲಿಗೆ ಹೋದರೆ ಊರಿನಲ್ಲಿ ಯಾರ ಯಾರ ಕೆಲಸ ನಿಲ್ಲುತ್ತದೆ? ಯಾರದ್ದೂ ನಿಲ್ಲುವುದಿಲ್ಲ ಅಂದರೆ ಅವನು ಬರೀ ರೌಡಿ. ಅರ್ಧ ಊರಿನದ್ದು ನಿಲ್ಲುತ್ತದೆ ಅಂದರೆ ನಿಮ್ಮ ಹತ್ತಿರ ದೊಡ್ಡ ಖಳ ಇದ್ದಾನೆ. ಅವನನ್ನು ಹಿಡಿಯುವುದು ಅಂದರೆ ಊರಿನ ವಿರುದ್ಧ ಹೋಗುವುದು.

ಅಡಿಕೆ ಮಂಡಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೊ ಹೊಡೆಸಲು ದುಡ್ಡು ಬೇಕು. ಮಗಳ ಮದುವೆಗೆ ಬೇಕು. ಮಂಗಳೂರಿನ ಆಸ್ಪತ್ರೆಗೆ ಬೇಕು. ಕೊನೆ ಕೊಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇದೆ. ಮಂಡಿಯಿಂದ ಮುಂಗಡ ತರುತ್ತಾರೆ. ಬೆಳೆ ಬಂದಾಗ ಅದೇ ಮಂಡಿಗೆ ಹಾಕುತ್ತಾರೆ. ಹೀಗೆ ಒಂದು ಊರಿನ ಕಷ್ಟಸುಖ ಎಲ್ಲ ಒಬ್ಬರ ಕಿರ್ದಿ ಪುಸ್ತಕದಲ್ಲಿ ಸೇರಿಕೊಂಡುಬಿಡುತ್ತದೆ. ಪ್ರಾಮಾಣಿಕವಾಗಿ ಮಂಡಿ ನಡೆಸುವವರು ಬೇಕಾದಷ್ಟು ಜನ ಇದ್ದಾರೆ, ಅವರಿಂದ ಎಷ್ಟೋ ಮನೆ ಉಳಿದಿದೆ. ನಿಮ್ಮ ಕತೆಯ ಸಾಹುಕಾರರಿಗೂ ಆ ಒಳ್ಳೆಯತನ ಇರಬೇಕು. ಸುಮ್ನೆ ತೋರಿಕೆಗೆ ಅಲ್ಲ, ನಿಜವಾಗಿಯೇ.

ನಿಮ್ಮ ಎರಡನೇ ಎಪಿಸೋಡಿನಲ್ಲಿ ಪಿಎಸ್‌ಐ ಮಂಡಿಗೆ ಹೋಗುವ ಸೀನ್ ಇದೆ. ಅಲ್ಲಿ ಅವರು ಮೇಜು ಗುದ್ದಿ ಕೂಗಾಡುತ್ತಾರೆ. ಅದನ್ನು ತೆಗೆದು ನೋಡಿ. ಅವಳು ಬಂದಾಗ ಅವರ ಮುಂದೆ ಒಬ್ಬ ರೈತ ನಿಂತಿದ್ದಾನೆ. ಚೀಲದ ಬಾಯಿ ಬಿಚ್ಚಿದೆ. ಸಾಹುಕಾರರು ಮೊಣಕೈವರೆಗೆ ಕೈ ಇಳಿಸಿ ತಳದ ಅಡಿಕೆ ತೆಗೆಯುತ್ತಾರೆ. ಅಡಕತ್ತರಿಯಲ್ಲಿ ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ರಾಶಿ ಅನ್ನುವ ಒಳ್ಳೆಯ ದರ್ಜೆಯ ಅಡಿಕೆ ಅಂತ ತಂದಿದ್ದಾನೆ, ಒಳಗೆ ಕಡಿಮೆ ದರ್ಜೆಯ ಗೊರಬಲು ಸೇರಿದೆ. ರೈತನಿಗೂ ಗೊತ್ತು. ಸಾಹುಕಾರರು ಏನೂ ಅನ್ನುವುದಿಲ್ಲ. ರಾಶಿಯ ದರವನ್ನೇ ಬರೆಸುತ್ತಾರೆ. ‘ಹೆಂಡತಿ ಹುಷಾರಾಗಿದಾಳಾ?’ ಅಂತ ಒಂದು ಮಾತು ಕೇಳುತ್ತಾರೆ, ಅಷ್ಟೇ. ರೈತ ತಲೆ ತಗ್ಗಿಸಿ ಹೋಗುತ್ತಾನೆ. ಐದನೇ ಎಪಿಸೋಡಿನಲ್ಲಿ ಅದೇ ರೈತ ಠಾಣೆಯಲ್ಲಿ ಕೂತು, ಆ ರಾತ್ರಿ ಹೊಳೆ ಹತ್ತಿರ ತಾನು ಯಾರನ್ನೂ ನೋಡಲಿಲ್ಲ ಅಂತ ಹೇಳಬೇಕು. ಅವನನ್ನು ಯಾರೂ ಬೆದರಿಸಿಲ್ಲ. ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತಾನೆ. ನೋಡುವವರಿಗೆ ಅದು ಅರ್ಥ ಆಗುತ್ತದೆ, ಯಾಕೆಂದರೆ ಅವರ ಮನೆಯಲ್ಲೂ ಇಂಥದ್ದೊಂದು ಋಣ ಇದ್ದೇ ಇರುತ್ತದೆ.

ಹೊರಗಿನ ಒಳ್ಳೆಯ ಸರಣಿಗಳೂ ಇದನ್ನೇ ಮಾಡಿವೆ. ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ ಸರಣಿಯ ಗಸ್ ಫ್ರಿಂಗ್ ಮಾದಕ ವಸ್ತು ಮಾರುವ ದೊಡ್ಡ ಕುಳ. ಮೇಲ್ನೋಟಕ್ಕೆ ಕೋಳಿ ಹೋಟೆಲಿನ ಮಾಲೀಕ. ಗಿರಾಕಿಗಳ ಟೇಬಲ್ ಬಳಿ ಬಂದು ಊಟ ಹೇಗಿದೆ ಅಂತ ವಿಚಾರಿಸುತ್ತಾನೆ. ಮಾದಕ ವಸ್ತು ತಡೆಯುವ ಪೊಲೀಸರ ಕಾರ್ಯಕ್ರಮಕ್ಕೇ ದೇಣಿಗೆ ಕೊಡುತ್ತಾನೆ. ಬಾಲ್ಟಿಮೋರ್ ನಗರದ ಕತೆ ಹೇಳುವ ‘ದ ವೈರ್’ ಸರಣಿಯಲ್ಲಿ ಸ್ಟ್ರಿಂಗರ್ ಬೆಲ್ ಕಾಲೇಜಿಗೆ ಹೋಗಿ ಅರ್ಥಶಾಸ್ತ್ರ ಕಲಿಯುತ್ತಾನೆ. ಕಲಿತ ಪಾಠವನ್ನು ದಂಧೆಗೆ ಹಚ್ಚುತ್ತಾನೆ. ಇಬ್ಬರಿಗೂ ಕೊಲೆ ಅನ್ನುವುದು ವ್ಯಾಪಾರದ ನಡುವೆ ಬರುವ ಒಂದು ಖರ್ಚು. ಹಾಗಾಗಿಯೇ ಮೈ ಜುಮ್ ಅನ್ನುವುದು.

ಎರಡನೇ ತೊಂದರೆ ನಿಮ್ಮ ಪಿಎಸ್‌ಐ ಕಡೆಯಿಂದ ಬಂದಿದೆ. ಅವಳು ಬೆಂಗಳೂರಿನವಳು. ಈ ಊರಿನಲ್ಲಿ ಅವಳಿಗೆ ಕಳೆದುಕೊಳ್ಳಲು ಏನೂ ಇಲ್ಲ. ಜಾಸ್ತಿ ಅಂದರೆ ಟ್ರಾನ್ಸ್‌ಫರ್. ಪತ್ತೆ ಮಾಡುವವರ ಮೈಗೆ ತಾಗದ ಖಳ ಎಷ್ಟು ಬಲಶಾಲಿ ಆದರೂ ದೂರದ ಗುಡುಗು. ಇಂಗ್ಲೆಂಡಿನ ‘ಹ್ಯಾಪಿ ವ್ಯಾಲಿ’ಯನ್ನು ಒಮ್ಮೆ ನೋಡಿ. ಅದೂ ಗುಡ್ಡಗಳ ನಡುವಿನ ಸಣ್ಣ ಊರು, ಅಲ್ಲೂ ಹೆಣ್ಣುಮಗಳು ಪೊಲೀಸ್. ಅವಳ ಮಗಳ ಸಾವಿಗೆ ಕಾರಣ ಅಂತ ಅವಳು ನಂಬಿರುವ ಮನುಷ್ಯನೇ ಅವಳು ಸಾಕುತ್ತಿರುವ ಮೊಮ್ಮಗನ ಅಪ್ಪ. ಅವನನ್ನು ಜೈಲಿಗೆ ಹಾಕಬಹುದು, ಮಗುವಿನ ರಕ್ತದಿಂದ ತೆಗೆಯಲು ಆಗುತ್ತದಾ? ಈ ಒಂದು ಗಂಟಿನ ಮೇಲೆ 2014ರಿಂದ 2023ರವರೆಗೆ ಮೂರು ಸೀಸನ್ ನಿಂತವು.

ನಿಮಗೆ ಅಷ್ಟು ದೊಡ್ಡ ಗಂಟು ಬೇಕಿಲ್ಲ. ಅವಳ ಸೋದರಮಾವ ಪಕ್ಕದ ಊರಿನಲ್ಲಿ ಎರಡು ಎಕರೆ ತೋಟ ಇಟ್ಟುಕೊಂಡಿದ್ದಾರೆ ಅನ್ನಿ. ಅವಳ ಓದಿಗೆ ದುಡ್ಡು ಕೊಟ್ಟವರು ಅವರೇ. ಆ ದುಡ್ಡು ಇದೇ ಮಂಡಿಯ ಮುಂಗಡ ಅಂತ ನಾಲ್ಕನೇ ಎಪಿಸೋಡಿನಲ್ಲಿ ಅವಳಿಗೆ ಗೊತ್ತಾಗಲಿ. ಹೇಳುವುದು ಸಾಹುಕಾರರಲ್ಲ. ಅವರು ಅದನ್ನು ಎಂದೂ ಬಾಯಿಬಿಟ್ಟು ಹೇಳಬಾರದು. ಕಿರ್ದಿ ಜಪ್ತಿ ಮಾಡಿದಾಗ ಅವಳೇ ಮಾವನ ಹೆಸರು ಓದಬೇಕು.

ಇನ್ನು ಬುದ್ಧಿ. ಖಳ ಎಲ್ಲ ಬಲ್ಲವನಾಗಿರಬೇಕು, ಹತ್ತು ಹೆಜ್ಜೆ ಮುಂದೆ ಯೋಚಿಸಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಎಲ್ಲ ಗೊತ್ತಿರುವವನ ಜೊತೆ ಆಟ ಇಲ್ಲ. ಅವರಿಗೆ ಒಂದೆರಡು ವಿಷಯ ತಳಮಟ್ಟ ಗೊತ್ತಿರಲಿ, ಮಿಕ್ಕಿದ್ದು ಗೊತ್ತಿಲ್ಲದಿರಲಿ. ನಿಮ್ಮ ಸಾಹುಕಾರರಿಗೆ ಜನ ಗೊತ್ತು, ಠಾಣೆಯ ರೀತಿನೀತಿ ಗೊತ್ತು. ಚುನಾವಣೆ ಬಂದಾಗ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಗೆ ಜಮಾ ಮಾಡಬೇಕಲ್ಲ, ಊರಿನಲ್ಲಿ ಮೊದಲು ತಂದು ಒಪ್ಪಿಸುವವರು ಅವರೇ. ರಸೀದಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಇಂಥ ಮನುಷ್ಯನ ಆಸೆ ಒಂದೇ: ಹುಡುಗನ ಸಾವು ಯುಡಿಆರ್‌ನಲ್ಲೇ ಮುಗಿಯಬೇಕು. ಅಸಹಜ ಸಾವು ಅಂತ ಬರೆದುಕೊಂಡು, ಪಂಚನಾಮೆ ಮಾಡಿ, ಫೈಲ್ ಮುಚ್ಚಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲಿ ಶುರುವಾದದ್ದು ಭಾರತೀಯ ನ್ಯಾಯ ಸಂಹಿತೆಯ 103ಕ್ಕೆ, ಅಂದರೆ ಕೊಲೆಗೆ, ತಿರುಗಬಾರದು.

ಅದಕ್ಕೆ ಅವರು ಏನು ಮಾಡುತ್ತಾರೆ? ಹೆಣ ಸಿಕ್ಕ ದಿನ ಎಲ್ಲರಿಗಿಂತ ಮೊದಲು ಹುಡುಗನ ಮನೆಗೆ ಹೋಗುತ್ತಾರೆ. ಗಾಡಿ ಮಾಡಿಸುತ್ತಾರೆ. ಮಳೆಯಲ್ಲಿ ಒಣ ಸೌದೆ ಎಲ್ಲೂ ಸಿಗುವುದಿಲ್ಲ, ತಮ್ಮ ಕೊಟ್ಟಿಗೆಯಿಂದ ಕಳಿಸುತ್ತಾರೆ. ಹುಡುಗನ ಅಮ್ಮನ ಪಕ್ಕ ನೆಲದ ಮೇಲೆ ಕೂತು, ‘ಹೋದ ಮಗ ಹೋದ, ಅವನನ್ನ ಕೊಯ್ಯಿಸೋದು ಯಾಕಮ್ಮ, ನಾನು ಠಾಣೆಲಿ ಮಾತಾಡ್ತೀನಿ’ ಅನ್ನುತ್ತಾರೆ. ಆ ತಾಯಿ ಕೈ ಮುಗಿಯುತ್ತಾಳೆ. ಮೊದಲ ಸಲ ನೋಡುವವರಿಗೆ ಇದು ದೊಡ್ಡ ಮನಸ್ಸು. ಸತ್ಯ ಗೊತ್ತಾದ ಮೇಲೆ ಅದೇ ಸೀನ್ ನೆನಪಾದರೆ ಹೊಟ್ಟೆ ತೊಳಸುತ್ತದೆ. ಇನ್ನೆರಡು ಕೊಲೆಯಿಂದ ಸಿಗದ ಭಯ ಈ ಒಂದು ಸಮಾಧಾನದ ಮಾತಿನಲ್ಲಿದೆ.

ಅವರಿಗೆ ಗೊತ್ತಿಲ್ಲದ್ದು ಏನು? ಫೋನ್ ಇರಬಹುದು. ಸಿಡಿಆರ್, ಅಂದರೆ ಫೋನ್ ಕರೆಗಳ ದಾಖಲೆ, ತೆಗೆಸಿದರೆ ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರು ಅಂತ ಬರುತ್ತದೆ ಅನ್ನುವುದು ಅವರ ಲೆಕ್ಕಕ್ಕೆ ಬಂದಿರುವುದಿಲ್ಲ. ಪಿಎಸ್‌ಐಗೂ ಅದು ಪೂರ್ತಿ ಸಹಾಯ ಮಾಡಬಾರದು. ನಮ್ಮ ಕಡೆ ಒಂದೊಂದು ಟವರ್ ಎಷ್ಟೋ ಗುಡ್ಡ, ಎಷ್ಟೋ ಹಳ್ಳಿಗೆ ಸೇರಿದ್ದು. ಫೋನ್ ಆ ಸುತ್ತಿನಲ್ಲಿತ್ತು ಅಂತ ಹೇಳಬಹುದು, ಹೊಳೆ ದಂಡೆಯಲ್ಲೇ ಇತ್ತು ಅಂತ ಹೇಳಲು ಬರುವುದಿಲ್ಲ. ಇಬ್ಬರೂ ಅರ್ಧರ್ಧ ಕುರುಡರಾಗಿ ಆಡುವ ಆಟವೇ ನೋಡಲು ಚೆಂದ.

ನಿಮ್ಮ ಕ್ಲೈಮ್ಯಾಕ್ಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಲಾಕಪ್ಪಿನಲ್ಲಿ ಅವರು ಅಳುತ್ತಾ ತಪ್ಪೊಪ್ಪಿಕೊಂಡರು, ಕತೆ ಮುಗಿಯಿತು ಅಂತ ಬರೆದಿದ್ದೀರಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಹಾಗೇ ಇದೆ. ಅವರು ಹೇಳಿದ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತಿಗೆ ಬೆಲೆ ಉಂಟು. ನಿಮ್ಮ ಸಾಹುಕಾರರಿಗೆ ಇದು ಗೊತ್ತಿರಬೇಕು. ಅವರು ಬೇಕಾದರೆ ಪಿಎಸ್‌ಐ ಮುಂದೆ ಎಲ್ಲ ಹೇಳಿಬಿಡಲಿ, ತಣ್ಣಗೆ, ಕಾಫಿ ಕುಡಿಯುತ್ತಾ. ‘ಇದನ್ನ ಇಟ್ಕೊಂಡು ಏನು ಮಾಡ್ತಿಯಮ್ಮ?’ ಅನ್ನಲಿ. ಆದರೆ ಹುಡುಗ ಬರೆದಿಟ್ಟಿದ್ದ ಎರಡನೇ ಲೆಕ್ಕದ ಪುಸ್ತಕ ಎಲ್ಲಿದೆ ಅನ್ನುವ ಒಂದು ಮಾತು ಆ ಗತ್ತಿನಲ್ಲೇ ಬಾಯಿಂದ ಜಾರಲಿ. ಅವರನ್ನು ಸೋಲಿಸುವುದು ಆ ಜಂಭ.

ಗೆಳತಿ ಹೇಳಿದ ಬಾಲ್ಯದ ನೋವಿಗೆ ಬರುತ್ತೇನೆ. ಅದನ್ನು ಪೂರ್ತಿ ತಳ್ಳಿಹಾಕಬೇಡಿ. ಸಾಹುಕಾರರಿಗೆ ಅರವತ್ತೈದು ವರ್ಷ, ಮೂಲ ಶರಾವತಿ ದಂಡೆಯ ಮುಳುಗಿದ ಊರು ಅಂತ ಒಂದು ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವರು ಇನ್ನೂ ಸಣ್ಣ ಮಗು. ಸಾವಿರಾರು ಸಂಸಾರ ಮನೆ, ತೋಟ, ದೇವಸ್ಥಾನ ಬಿಟ್ಟು ಎದ್ದವು. ಎಷ್ಟೋ ಮನೆಗೆ ಕೂತ ಜಾಗದ ಹಕ್ಕುಪತ್ರದ ತಕರಾರು ಇವತ್ತಿಗೂ ತೀರಿಲ್ಲ. ಕಾಗದ ಇಲ್ಲದವನಿಗೆ ಬೆಲೆ ಇಲ್ಲ ಅಂತ ಆ ಹುಡುಗ ಆಗಲೇ ಕಲಿತ. ದೊಡ್ಡವನಾಗಿ ಊರಿನ ಕಾಗದಗಳೆಲ್ಲ ತನ್ನ ಬೀರುವಿನಲ್ಲಿ ಇರುವ ಹಾಗೆ ನೋಡಿಕೊಂಡ. ಎಂಥ ಗಟ್ಟಿ ಎಳೆ ನಿಮ್ಮ ಕೈಯಲ್ಲಿದೆ!

ಅದನ್ನು ಅಳುವ ಸಂಗೀತ ಹಾಕಿದ ಫ್ಲ್ಯಾಶ್‌ಬ್ಯಾಕ್ ಮಾಡಿದರೆ ಅಪಾಯ. ನೋವು ಕೊಲೆಗೆ ಮಾಫಿ ಪತ್ರ ಆಗಿಬಿಡುತ್ತದೆ. ಸತ್ತ ಹುಡುಗ ಮರೆತುಹೋಗುತ್ತಾನೆ. ಅದೇ ಮುಳುಗಡೆಯಿಂದ ಎದ್ದು ಬಂದು, ಕೂಲಿ ಮಾಡಿ, ಯಾರ ತಂಟೆಗೂ ಹೋಗದೆ ಬದುಕಿದವರೇ ಹೆಚ್ಚು. ಅಂಥವರೊಬ್ಬರನ್ನು ಕತೆಯಲ್ಲಿ ತನ್ನಿ. ಸಾಹುಕಾರರ ಬಾಲ್ಯದ ಗೆಳೆಯ ಆಗಲಿ. ಸತ್ತ ಹುಡುಗನ ಅಜ್ಜನೇ ಆದರೆ ಇನ್ನೂ ಒಳ್ಳೆಯದು.

ಅವರ ನೋವನ್ನು ವಾದವಾಗಿ ಬರಲು ಬಿಡಿ. ವೇಷ ಇಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ಮಳೆಗಾಲದ ತಾಳಮದ್ದಳೆಯಲ್ಲಿ ವಾಲಿವಧೆ ಕೇಳಿರುತ್ತೀರಿ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ರಾಮನನ್ನು ಕೇಳುತ್ತಾನೆ. ಒಳ್ಳೆಯ ಅರ್ಥಧಾರಿ ಕೂತಿದ್ದರೆ ಅರ್ಧ ಗಂಟೆ ಸಭೆ ಪೂರ್ತಿ ವಾಲಿಯ ಕಡೆ ಇರುತ್ತದೆ. ರಾಮನ ಅರ್ಥ ಹೇಳುವವರಿಗೆ ಬೆವರು ಬರುತ್ತದೆ. ವಾಲಿ ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ಅನ್ನುವುದು ಯಾರಿಗೂ ಮರೆತಿರುವುದಿಲ್ಲ, ಆದರೂ ಅವನ ಪ್ರಶ್ನೆ ಅಲ್ಲೇ ಉಳಿಯುತ್ತದೆ. ನಿಮ್ಮ ಸಾಹುಕಾರರಿಗೂ ಅಂಥ ಅರ್ಧ ಗಂಟೆ ಸಲ್ಲಬೇಕು. ‘ಸರ್ಕಾರ ನಮ್ಮೂರು ಮುಳುಗಿಸ್ತು, ಕಾಗದ ಕೊಡಲಿಲ್ಲ. ಈ ಊರಿಗೆ ಕಷ್ಟ ಬಂದಾಗ ಬ್ಯಾಂಕು ಬಾಗಿಲು ಹಾಕ್ತು, ನಾನು ಹಾಕಲಿಲ್ಲ. ಆ ಹುಡುಗ ಪುಸ್ತಕ ಹೊರಗೆ ಹಾಕಿದ್ದಿದ್ರೆ ಮುನ್ನೂರು ಮನೆ ಮಾನ ಹೋಗ್ತಿತ್ತು.’ ಇದಕ್ಕೆ ಪಿಎಸ್‌ಐ ತಕ್ಷಣ ಉತ್ತರ ಕೊಡಬಾರದು. ಚಿತ್ರಕಥೆಗೆ ಕೈ ಹಾಕುವ ಮೊದಲು ಅವರ ಮಾತಿನಲ್ಲೇ ಎರಡು ಪುಟ ಬರೆಯಿರಿ, ಅವರು ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಓದಿದಾಗ ಒಂದು ಕ್ಷಣ ನಿಮಗೇ ‘ಹೌದಲ್ವಾ’ ಅನ್ನಿಸದಿದ್ದರೆ ಇನ್ನೊಮ್ಮೆ ಬರೆಯಿರಿ.

ಮುಚ್ಚಿಡುವ ಪ್ರಶ್ನೆ. ಕೊನೆಯವರೆಗೂ ಮುಚ್ಚಿಟ್ಟರೆ ಊಹೆಯ ಮಜಾ ಇರುತ್ತದೆ. ಆದರೆ ಮೇಲೆ ಹೇಳಿದ ಯಾವುದನ್ನೂ ನೀವು ಪೂರ್ತಿ ಬರೆಯಲಾರಿರಿ, ಅವರ ಯೋಚನೆಯ ಹತ್ತಿರ ಕ್ಯಾಮರಾ ಹೋಗುವಂತಿಲ್ಲ. ಇನ್ನೊಂದು ತೊಂದರೆ, ಹೆಸರಿರುವ ನಟರು ಸಣ್ಣ ಪಾತ್ರದಲ್ಲಿ ಕೂತಿದ್ದರೆ ಮೊದಲ ಎಪಿಸೋಡಿಗೇ ಮನೆಮಂದಿ ‘ಇವರೇ ಬಿಡು’ ಅನ್ನುತ್ತಾರೆ. ಶುರುವಿನಲ್ಲೇ ತೋರಿಸಿಬಿಡುವುದು ಇನ್ನೊಂದು ದಾರಿ. 1968ರಲ್ಲಿ ಟೀವಿಗೆ ಬಂದ ‘ಕೊಲಂಬೊ’ ಹೆಚ್ಚಾಗಿ ಹಾಗೇ ನಡೆಯುತ್ತಿತ್ತು, ಕೊಲೆಗಾರ ಯಾರು ಅಂತ ಮೊದಲೇ ಗೊತ್ತು, ಹೇಗೆ ಸಿಕ್ಕಿಬೀಳುತ್ತಾನೆ ಅನ್ನುವುದೇ ಕತೆ. ಒಂದು ಕಂತಿಗೆ ಒಂದು ಕೊಲೆ ಮುಗಿಯುವ ಸರಣಿಗೆ ಅದು ಸರಿ. ಒಂದೇ ಕೊಲೆಯನ್ನು ಎಂಟು ಎಪಿಸೋಡ್ ಎಳೆಯುವಾಗ ನಡುವೆ ಸೊರಗುತ್ತದೆ. ನಾನಾದರೆ ಮೂರನೇ ಎಪಿಸೋಡಿನ ಕೊನೆಗೆ ನೋಡುವವರಿಗೆ ತೋರಿಸುತ್ತೇನೆ, ಪಿಎಸ್‌ಐಗೆ ಆರನೆಯದರಲ್ಲಿ. ನಡುವಿನ ಎಪಿಸೋಡುಗಳಲ್ಲಿ ಅವಳು ಸಲಹೆ ಕೇಳಲು ಅವರ ಮನೆಗೇ ಹೋಗುತ್ತಾಳೆ, ಅವರ ಹೆಂಡತಿ ಬಡಿಸಿದ ಕೊಟ್ಟೆ ಕಡುಬು ತಿನ್ನುತ್ತಾಳೆ. ನೋಡುವವರ ಕೈಯಲ್ಲಿ ಏನೂ ಇಲ್ಲ, ಒದ್ದಾಡಬೇಕು ಅಷ್ಟೇ.

ಊರಿನವರ ಭಯ ಸಣ್ಣದಲ್ಲ. ಪಾತ್ರ ನೋಡಿ ಒಬ್ಬ ನಿಜವಾದ ವ್ಯಕ್ತಿ ಗುರುತು ಸಿಗುವ ಹಾಗಿದ್ದರೆ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿ ದೂರು ಬರಬಹುದು. ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಅಂತ ಶುರುವಿಗೆ ಹಾಕುವ ಸಾಲು ಒಂದೇ ಕಾಪಾಡುವುದಿಲ್ಲ. ಊರನ್ನು ಹೊಸದಾಗಿ ಕಟ್ಟಿ, ಹೊಳೆಗೂ ಬೇರೆ ಹೆಸರಿಡಿ. ನಿಮ್ಮ ಮನಸ್ಸಿನಲ್ಲಿ ಒಬ್ಬರು ಇದ್ದರೆ ಅವರ ಮನೆಯ ಸಂಗತಿ, ಕಾಯಿಲೆ, ಮಕ್ಕಳ ವಿಷಯ ಒಂದೂ ಬರಬಾರದು. ಹೆಸರು ಇಡುವಾಗ ಎಚ್ಚರ. ನಮ್ಮ ಕಡೆ ಹೆಸರು ಕೇಳಿದರೆ ಜಾತಿ ಗೊತ್ತಾಗುತ್ತದೆ, ಒಬ್ಬ ಖಳನಿಂದ ಒಂದು ಸಮುದಾಯವೇ ತಲೆ ತಗ್ಗಿಸುವ ಹಾಗಾಗಬಾರದು. ಅದೇ ಸಮುದಾಯದ ಒಬ್ಬರನ್ನು ಅವರ ವಿರುದ್ಧ ಸಾಕ್ಷಿ ಹೇಳುವವರಾಗಿ ತಂದರೆ ಕತೆಗೂ ತೂಕ ಬರುತ್ತದೆ. ಶೂಟಿಂಗಿಗೆ ಮೊದಲು ವಕೀಲರೊಬ್ಬರಿಂದ ಸ್ಕ್ರಿಪ್ಟ್ ಓದಿಸಿ. ಆ ಖರ್ಚು ಪ್ರೊಡಕ್ಷನ್ ಹೌಸ್‌ನದ್ದು, ಕೇಳಲು ಸಂಕೋಚ ಬೇಡ.

ಪ್ರೊಡಕ್ಷನ್ ಹೌಸ್‌ನವರಿಗೆ ಈಗಲೇ ವಾದ ಮಾಡಿ ಮೇಲ್ ಬರೆಯಬೇಡಿ. ಮಂಡಿಯ ಸೀನ್, ಸಾವಿನ ಮನೆಯ ಸೀನ್, ಇವೆರಡನ್ನು ಮೊದಲು ತಿದ್ದಿ ಕಳಿಸಿ. ಆಮೇಲೂ ಇನ್ನೆರಡು ಕೊಲೆ ಬೇಕೇ ಬೇಕು ಅಂದರೆ ಒಂದಕ್ಕೆ ಒಪ್ಪಿಕೊಳ್ಳಬಹುದು. ಸುಳ್ಳು ಸಾಕ್ಷಿ ಹೇಳಿದ ಆ ರೈತ ಮನಸ್ಸು ಬದಲಿಸಿ ನಿಜ ಹೇಳಲು ಹೊರಡುತ್ತಾನೆ ಅನ್ನುವ ಜಾಗದಲ್ಲಿ ಅದಕ್ಕೆ ಕಾರಣ ಸಿಗುತ್ತದೆ. ಎರಡನೆಯದಕ್ಕೆ ಒಪ್ಪಬೇಡಿ.